ಹಳ್ಳಿ ದಾರಿಯಲ್ಲಿ ನಾಯಿ ಜೊತೆ: ಪುಣೆ ಬಿಟ್ಟು ಹೊರಡುವ ಮುನ್ನ

ಪುಣೆಯಿಂದ ಮುಳಶಿ, ಪವನಾ, ಪಾನಶೇತ್ ಕಡೆ ಹೊರಟ ಕಾರುಗಳ ಹಿಂದಿನ ಸೀಟಿನಲ್ಲಿ ಈಗ ನಾಯಿಗಳೂ ಇರುತ್ತವೆ. ಹಿಂಜವಡಿ, ವಾಕಡ್, ಬಾಣೇರ್ ಕಡೆಯ ಫ್ಲ್ಯಾಟುಗಳಲ್ಲಿ ನಾಯಿ ಸಾಕಿದ ನಮ್ಮ ಕನ್ನಡದ ಮನೆಗಳೇ ಎಷ್ಟೋ ಇವೆ. ವಾರವಿಡೀ ಲಿಫ್ಟು, ಪಾರ್ಕಿಂಗ್, ಕಾಂಪೌಂಡು ಅಷ್ಟರಲ್ಲೇ ಸುತ್ತುವ ನಾಯಿಗೆ ಭಾನುವಾರವಾದರೂ ಒಂದಿಷ್ಟು ಮಣ್ಣು, ಹುಲ್ಲು ಸಿಗಲಿ ಅಂತ ಆಸೆ. ಆದರೆ 2025ರ ಕೊನೆಯಲ್ಲಿ ಪುಣೆ ಜಿಲ್ಲೆಯ ಶಿರೂರು ತಾಲೂಕಿನ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಪ್ರಾಣ ಕಳೆದುಕೊಂಡ ಮೇಲೆ ಪ್ರಶ್ನೆಗಳು ಶುರುವಾಗಿವೆ. ನಾಯಿನ ಹಳ್ಳಿ ಕಡೆ ಕರೆದುಕೊಂಡು ಹೋಗಬಹುದಾ? ಚೈನು (ಲೀಶ್) ಬಿಚ್ಚಬಹುದಾ? ಏನಾದರೂ ಆದರೆ ಏನು ಮಾಡೋದು?

ಹೋಗಬಹುದು, ಖಂಡಿತ. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಬೇಕು. ನಮ್ಮ ಕಣ್ಣಿಗೆ ಖಾಲಿ ಕಾಣುವ ಹಳ್ಳಿ ದಾರಿ ಖಾಲಿ ಇರುವುದಿಲ್ಲ. ಅಲ್ಲಿ ಯಾರದೋ ಬೆಳೆ ಇದೆ, ಯಾರದೋ ಕುರಿ ಇದೆ, ಊರ ನಾಯಿಗಳ ಗಡಿ ಇದೆ, ಹಾವು ಹಕ್ಕಿಗಳ ಗೂಡು ಇದೆ. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಇದರಿಂದಲೇ ಹುಟ್ಟಿದ್ದು.

## ಈ ದಾರಿ ಯಾರದು?

ಕೆಲವು ದಾರಿಗಳು ಸರ್ಕಾರಿ ದಾಖಲೆಯಲ್ಲೇ ಇರುತ್ತವೆ. ಮಹಾರಾಷ್ಟ್ರದಲ್ಲಿ ಊರಿನ ನಕ್ಷೆಗೆ ‘ಗಾವ್ ನಕಾಶಾ’ ಅಂತಾರೆ. ಅದರಲ್ಲಿ ತುಂಡು ತುಂಡು ಗೆರೆ ಎರಡು ಸಾಲು ಇದ್ದರೆ ಗಾಡಿ ದಾರಿ, ಒಂದೇ ಸಾಲು ಇದ್ದರೆ ಕಾಲುದಾರಿ. ಹೊಲಗಳ ನಡುವೆ ಹೋಗುವ ‘ಪಾಣಂದ್ ರಸ್ತಾ’, ಎರಡು ಊರುಗಳ ಗಡಿಯ ‘ಶಿವ್ ರಸ್ತಾ’ ಇವೆಲ್ಲ ಊರಿನವರು ದಿನಾ ಓಡಾಡುವ ದಾರಿಗಳು. ನಾವೂ ನಡೆಯಬಹುದು.

ಬದುವಿನ ಮೇಲಿನ ದಾರಿಯ ಕಥೆ ಬೇರೆ. 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 143ನೇ ಕಲಮು ಇದಕ್ಕೆ ಸಂಬಂಧಿಸಿದ್ದು. ತನ್ನ ಹೊಲಕ್ಕೆ ಹೋಗಲು ದಾರಿ ಇಲ್ಲದ ರೈತ ಅರ್ಜಿ ಕೊಟ್ಟರೆ, ಪಕ್ಕದ ಹೊಲಗಳ ಬದುವಿನ ಮೇಲೆ ದಾರಿ ಕೊಡಿಸುವ ಅಧಿಕಾರ ತಹಶೀಲ್ದಾರರಿಗೆ ಇದೆ. ಅಂದರೆ ಆ ಹಕ್ಕು ಉಳುವವರದು. ಸುಮ್ನೆ ತಿರುಗಾಡಲು ಬಂದ ನಮಗೆ ಅಲ್ಲಿ ಯಾವ ಹಕ್ಕೂ ಇಲ್ಲ. ನಮ್ಮ ವಿಜಯಪುರ, ಬೆಳಗಾವಿ ಕಡೆ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋದದ್ದನ್ನು ಎಲ್ಲರೂ ನೋಡಿದ್ದೇವೆ.

ಹಾಗಾದರೆ ಬದು ಹತ್ತಬಾರದೇ? ಕೇಳಿ ಹತ್ತಿ. ಹೊಲದಲ್ಲಿ ಇರುವವರಿಗೆ “ಕಾಕಾ, ಇಥೂನ್ ಗೇಲಂ ತರ್ ಚಾಲೇಲ್ ಕಾ?” (ಇಲ್ಲಿಂದ ಹೋದರೆ ನಡೆಯುತ್ತಾ?) ಅಂತ ಮರಾಠಿಯಲ್ಲಿ ಕೇಳಿದರೆ ಸಾಕು. ಹೆಂಗಸರಿದ್ದರೆ ಕಾಕಾ ಬದಲು ಮಾವಶಿ. ಬಹಳಷ್ಟು ಸಲ “ಹೋ, ಜಾ ಕೀ” (ಹೂಂ, ಹೋಗಿ) ಅನ್ನುವ ಉತ್ತರವೇ ಬರುತ್ತದೆ. ಜೊತೆಗೆ ಮುಂದಿನ ಬಾವಿ ಎಲ್ಲಿದೆ, ಯಾರ ಮನೆ ನಾಯಿ ಕಚ್ಚುತ್ತದೆ ಅನ್ನುವ ಮಾಹಿತಿಯೂ ಸಿಗುತ್ತದೆ. ಬಾವಿ ವಿಷಯ ಸಣ್ಣದಲ್ಲ. ಈ ಕಡೆ ಹೊಲದ ಬಾವಿಗಳಿಗೆ ಎಷ್ಟೋ ಕಡೆ ಕಟ್ಟೆ ಇರುವುದಿಲ್ಲ. ಮಳೆಗಾಲದಲ್ಲಿ ಸುತ್ತ ಎದೆಮಟ್ಟ ಹುಲ್ಲು ಬೆಳೆದಾಗ ಬಾಯಿಯೇ ಕಾಣುವುದಿಲ್ಲ. ಓಡುವ ನಾಯಿಗಂತೂ ತಿಳಿಯುವುದೇ ಇಲ್ಲ.

ಇನ್ನು ಕಾಡು. ಭೀಮಾಶಂಕರ, ಸುಪೆ ಹತ್ತಿರದ ಮಯೂರೇಶ್ವರ ಇವು ವನ್ಯಜೀವಿ ಧಾಮಗಳು. ಇಲ್ಲಿಗೆ ನಾಯಿ ತರಲೇಬೇಡಿ. ನಾಯಿ ಬೊಗಳಿ ಜಿಂಕೆ ಬೆದರುತ್ತದೆ ಅನ್ನುವುದಷ್ಟೇ ಕಾರಣವಲ್ಲ. ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವೈರಸ್ ಕಾಡುಪ್ರಾಣಿಗಳಿಗೂ ಹರಡುತ್ತದೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ಈ ವೈರಸ್ ತಗುಲಿದ್ದು ಪತ್ತೆಯಾಯಿತು.

## ನಾಯಿಗೆ ಈ ದಾರಿ ಹೇಗಿರುತ್ತದೆ?

ಸಿಟಿಯಲ್ಲಿ ಹೇಳಿದ ಮಾತು ಕೇಳುವ ನಾಯಿ ಹಳ್ಳಿಗೆ ಬಂದ ಕೂಡಲೇ ಕಿವುಡಾದ ಹಾಗೆ ಆಡುತ್ತದೆ ಅಂತ ಹಲವರ ದೂರು. ಅದು ಹಟವಲ್ಲ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 50–60 ಲಕ್ಷ ಇದ್ದರೆ, ನಾಯಿಯ ಮೂಗಿನಲ್ಲಿ ತಳಿಗೆ ತಕ್ಕಂತೆ 20–30 ಕೋಟಿವರೆಗೂ ಇರುತ್ತವೆ. ಪಾಣಂದ್ ರಸ್ತೆಯಲ್ಲಿ ನಿನ್ನೆ ರಾತ್ರಿ ಹಂದಿ ದಾಟಿದ್ದು, ಬೆಳಿಗ್ಗೆ ಮುಂಗುಸಿ ಓಡಿದ್ದು, ಊರ ನಾಯಿ ಗುರುತು ಬಿಟ್ಟದ್ದು ಎಲ್ಲ ಒಟ್ಟಿಗೆ ಅದರ ಮೂಗಿಗೆ ಬಡಿಯುತ್ತವೆ. ತಲೆಯಲ್ಲಿ ಇಷ್ಟೆಲ್ಲ ನಡೆಯುವಾಗ ನಿಮ್ಮ ಕೂಗು ಹಿಂದೆ ಬೀಳುವುದು ಸಹಜ.

ಆದ್ದರಿಂದ ಇಲ್ಲಿ ನಡಿಗೆ ನಿಧಾನ ಇರಲಿ. ಮೂಸಲು ಬಿಡಿ. ಮೂಸುತ್ತಾ ಮೆಲ್ಲಗೆ ನಡೆದರೂ ನಾಯಿ ದಣಿಯುತ್ತದೆ, ಮನೆಗೆ ಬಂದು ಚೆನ್ನಾಗಿ ಮಲಗುತ್ತದೆ. ಕಿಲೋಮೀಟರ್ ಲೆಕ್ಕ ಹಾಕಿ ಓಡಿಸುವ ಅಗತ್ಯವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

## ಲೀಶ್ ಯಾಕೆ ಬಿಚ್ಚಬಾರದು?

“ನಮ್ಮ ನಾಯಿ ಯಾರಿಗೂ ಏನೂ ಮಾಡಲ್ಲ” ಅನ್ನುವುದು ನಾವೆಲ್ಲ ಆಡುವ ಮಾತು. ನಿಜವೂ ಇರಬಹುದು. ಆದರೆ ಕುರಿಗೆ ಅದು ಗೊತ್ತಿಲ್ಲ ಅಲ್ವಾ?

ಪುಣೆ ಸುತ್ತ ಧನಗರ ಕುರಿಗಾರರು ಓಡಾಡುತ್ತಿರುತ್ತಾರೆ. ದೀಪಾವಳಿ ಆದ ಮೇಲೆ ಒಣಸೀಮೆಯಿಂದ ಕೊಂಕಣದ ಕಡೆ ಇಳಿಯುತ್ತಾರೆ, ಮಳೆ ಹತ್ತಿರವಾದಂತೆ ವಾಪಸ್ ಹತ್ತುತ್ತಾರೆ. ನಡುವೆ ರೈತರ ಹೊಲಗಳಲ್ಲಿ ರಾತ್ರಿ ಕುರಿ ತರುಬುತ್ತಾರೆ. ಹೊಲಕ್ಕೆ ಗೊಬ್ಬರ, ಅವರಿಗೆ ಕಾಳು ಅಥವಾ ದುಡ್ಡು. ನಮ್ಮ ಕಡೆ ಕುರುಬರು ಮಾಡುವ ಕೆಲಸವೇ ಇದು. ಈ ಹಿಂಡಿನೊಳಗೆ ಒಂದು ಲ್ಯಾಬ್ರಡಾರ್ ಆಟಕ್ಕೆ ನುಗ್ಗಿದರೂ ಕುರಿಗಳು ದಿಕ್ಕಾಪಾಲು. ಬೆದರಿ ಓಡಿದ ಗಬ್ಬದ ಕುರಿ ಕಂದು ಹಾಕಬಹುದು. ಒಂದು ಮರಿ ಹೋದರೆ ಆ ಮನೆಗೆ ಸಾವಿರಗಟ್ಟಲೆ ನಷ್ಟ. ಜೊತೆಗೆ ಹಿಂಡು ಕಾಯುವ ನಾಯಿಗಳೂ ಇರುತ್ತವೆ. ಅವು ನುಗ್ಗಿ ಬಂದ ನಾಯಿಯನ್ನು ತೋಳ ಅಂತಲೇ ನೋಡುತ್ತವೆ, ಹಾಗೆಯೇ ಹರಿಯುತ್ತವೆ.

ಊರಿನಿಂದ ಮುಧೋಳ ನಾಯಿ ತಂದು ಸಾಕಿದವರಿಗೆ ಎರಡು ಮಾತು ಜಾಸ್ತಿ ಹೇಳಬೇಕು. ಮಹಾರಾಷ್ಟ್ರದಲ್ಲಿ ಇದನ್ನು ಕಾರವಾನಿ ಅಂತಾರೆ. ಇದು ಕಣ್ಣಿನಿಂದ ಬೇಟೆ ಹುಡುಕುವ ತಳಿ. ದೂರದಲ್ಲಿ ಮೊಲ ಜಿಗಿದದ್ದು ಕಂಡರೆ ಕಾಲು ಮೊದಲು ಓಡುತ್ತದೆ, ಬುದ್ಧಿ ಆಮೇಲೆ ಬರುತ್ತದೆ. ಆ ವೇಗದಲ್ಲಿ ತಂತಿ ಬೇಲಿಗೆ ಬಿದ್ದು ಎದೆ ಸೀಳಿಕೊಳ್ಳುವ ಅಪಾಯ ಇದೆ. ಕಾನೂನಿನ ತೊಂದರೆಯೂ ಇದೆ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರವಲ್ಲ. ಕಾಡುಪ್ರಾಣಿಯನ್ನು ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಅದರೊಳಗೇ ಬರುತ್ತದೆ. ಪುಣೆ ನಗರದೊಳಗಿನ ಗುಡ್ಡ ವೇತಾಳ ಟೇಕಡಿಯಲ್ಲಿ ನವಿಲಿನ ಹಿಂದೆ ನಾಯಿ ಬಿಟ್ಟು ವಿಡಿಯೊ ಮಾಡುವವರು ಇದನ್ನು ತಿಳಿದಿರಬೇಕು.

ಮನುಷ್ಯರಿಗೆ ಅಪಾಯವಾದರೂ ಕಾನೂನು ಇದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ಸಾಕುಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಬಯಲಿನ ನೆಲದ ಮೇಲೆಯೇ ಮೊಟ್ಟೆ ಇಡುವ ಹಕ್ಕಿಗಳೂ ಇವೆ. ಟಿಟ್ಟಿಭ ಅವುಗಳಲ್ಲಿ ಒಂದು, ಮರಾಠಿಯಲ್ಲಿ ಟಿಟವಿ. ಬೇಸಿಗೆ ಮಳೆಗಾಲದಲ್ಲಿ ಅದು ಕಲ್ಲುಗಳ ನಡುವೆ ಮಣ್ಣಿನ ಬಣ್ಣದ, ಕಪ್ಪು ಚುಕ್ಕೆಯ ಮೊಟ್ಟೆ ಇಟ್ಟು ಕೂರುತ್ತದೆ. ಹತ್ತಿರ ನಿಂತರೂ ಮೊಟ್ಟೆ ಯಾವುದು, ಕಲ್ಲು ಯಾವುದು ತಿಳಿಯುವುದಿಲ್ಲ. ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಕಿರುಚುತ್ತಿದ್ದರೆ ಗೂಡು ಅಲ್ಲೇ ಎಲ್ಲೋ ಇದೆ ಅಂತ ಅರ್ಥ. ನಾಯಿಯನ್ನು ಕಾಲ ಬಳಿ ಎಳೆದುಕೊಂಡು, ಬಂದ ದಾರಿಯಲ್ಲೇ ತಿರುಗಿ.

ಲೀಶ್ ಎಂಥದ್ದು ಬೇಕು? ಕತ್ತಿನ ಬೆಲ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ವಾಸಿ. ಜನ, ದನ, ಊರು ಇರುವಲ್ಲಿ ಒಂದೂವರೆ ಎರಡು ಮೀಟರಿನ ಗಟ್ಟಿ ಲೀಶ್. ಬಯಲಿನಲ್ಲಿ ಸ್ವಲ್ಪ ಸ್ವಾತಂತ್ರ್ಯ ಕೊಡಬೇಕು ಅನ್ನಿಸಿದರೆ 5–10 ಮೀಟರಿನ ಉದ್ದ ಹಗ್ಗ. ಗುಂಡಿ ಒತ್ತಿದರೆ ಎಳೆದುಕೊಳ್ಳುವ ತೆಳು ದಾರದ ಲೀಶ್ ಇಲ್ಲಿ ಬೇಡ. ಮುಳ್ಳುಗಿಡಕ್ಕೆ ಸಿಕ್ಕಿಕೊಳ್ಳುತ್ತದೆ, ಜೋರಾಗಿ ಎಳೆದರೆ ಕೈಯನ್ನೂ ಕೊಯ್ಯುತ್ತದೆ.

## ಊರ ನಾಯಿಗಳು ಎದುರಾದರೆ

ನಾಯಿಗಳು ಸಾಮಾನ್ಯವಾಗಿ ಒಂದಕ್ಕೊಂದು ನೇರ ಎದುರಾಗಿ ಬರುವುದಿಲ್ಲ. ಸ್ವಲ್ಪ ಬಳಸಿಕೊಂಡು, ಪಕ್ಕದಿಂದ ಬಂದು ಮೂಸುತ್ತವೆ. ಅದು ಅವುಗಳ ಮರ್ಯಾದೆ. ಕಿರಿದಾದ ಬದುವಿನ ಮೇಲೆ ಇದು ಸಾಧ್ಯವೇ ಇಲ್ಲ, ಮುಖಾಮುಖಿ ಬರಲೇಬೇಕು. ಅದರ ಮೇಲೆ ನಾವು ಹೆದರಿ ಲೀಶ್ ಬಿಗಿಯಾಗಿ ಹಿಡಿಯುತ್ತೇವೆ. ನಮ್ಮ ನಾಯಿಯ ತಲೆ ಎತ್ತರವಾಗಿ, ಎದೆ ಮುಂದೆ ಬರುತ್ತದೆ. ಎದುರಿನ ನಾಯಿಗೆ ಅದು ಜಗಳಕ್ಕೆ ಕರೆದಂತೆಯೇ ಕಾಣುತ್ತದೆ.

ದೂರದಿಂದಲೇ ಕಂಡರೆ ಬದು ಇಳಿದು ಬಳಸಿಕೊಂಡು ಹೋಗಿ, ಲೀಶ್ ಕೊಂಚ ಸಡಿಲ ಬಿಡಿ. ಹತ್ತಿರ ಬಂದೇಬಿಟ್ಟರೆ ಓಡಬೇಡಿ. ನಿಮ್ಮ ನಾಯಿಯನ್ನು ಹಿಂದೆ ಹಾಕಿಕೊಂಡು ನಿಂತು, ಮೆಲ್ಲಗೆ ಹಿಂದಕ್ಕೆ ಸರಿಯಿರಿ. ಸಣ್ಣ ನಾಯಿಯನ್ನು ಎತ್ತಿ ಹಿಡಿದರೆ ಅವು ಅದನ್ನು ಹಿಡಿಯಲು ನಿಮ್ಮ ಮೈಮೇಲೇ ಹಾರಬಹುದು. ಹಳ್ಳಿಯವರು ಕಲ್ಲು ಎತ್ತುವವರ ಹಾಗೆ ಸುಮ್ನೆ ಬಗ್ಗುತ್ತಾರೆ, ಕಲ್ಲು ಹೊಡೆಯುವುದೇ ಬೇಡ, ಬಗ್ಗಿದರೆ ಸಾಕು, ಹೆಚ್ಚಿನ ನಾಯಿಗಳು ಹಿಂದೆ ಸರಿಯುತ್ತವೆ.

ಕಚ್ಚಿಸಿಕೊಂಡರೆ, ಮನುಷ್ಯರಾಗಲಿ ನಾಯಿಯಾಗಲಿ, ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು. ರೇಬಿಸ್ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ತೊಳೆದ ಕೂಡಲೇ ಆಸ್ಪತ್ರೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲ, ಹಾಗಾಗಿ “ನಾಳೆ ನೋಡೋಣ” ಅನ್ನುವಂತಿಲ್ಲ. ನಿಮ್ಮ ನಾಯಿಗೆ ಮೊದಲೇ ಲಸಿಕೆ ಆಗಿದ್ದರೂ ಡಾಕ್ಟರಿಗೆ ತೋರಿಸಬೇಕು.

## ಮಳೆಗಾಲದ ತಂಪಿನಲ್ಲೂ ನಾಯಿಗೆ ಸೆಕೆ ಹೊಡೆಯುವುದು ಹೇಗೆ?

ಏಪ್ರಿಲ್, ಮೇ ತಿಂಗಳಲ್ಲಿ ಪುಣೆ 40 ಡಿಗ್ರಿ ಮುಟ್ಟುತ್ತದೆ, ಆಗ ಎಲ್ಲರೂ ಎಚ್ಚರ ಇರುತ್ತಾರೆ. ಮೈಮರೆಯುವುದು ಜೂನ್, ಜುಲೈಯಲ್ಲಿ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಪಾದದಲ್ಲಿ ಅಷ್ಟಿಷ್ಟು ಅಷ್ಟೇ. ಅದು ತಣ್ಣಗಾಗುವುದು ನಾಲಿಗೆ ಚಾಚಿ ಏದುಸಿರು ಬಿಟ್ಟು. ಬಾಯಿಯ ತೇವ ಆವಿಯಾಗಿ ಹೋಗುವಾಗ ಮೈಯ ಬಿಸಿಯನ್ನೂ ಒಯ್ಯುತ್ತದೆ. ಮಣ್ಣಿನ ಮಡಕೆ ನೀರು ತಂಪಾಗುವುದೂ ಹೀಗೆಯೇ. ಸೋಲಾಪುರದ ಒಣ ಬಿಸಿಲಲ್ಲಿ ಮಡಕೆ ನೀರು ಎಷ್ಟು ತಣ್ಣಗಿರುತ್ತದೆ, ಮುಂಬಯಿಯ ಜಿಗುಟು ಸೆಕೆಯಲ್ಲಿ ಯಾಕೆ ಅಷ್ಟು ತಣ್ಣಗಾಗುವುದಿಲ್ಲ, ನೆನಪಿಸಿಕೊಳ್ಳಿ. ಗಾಳಿಯಲ್ಲೇ ತೇವ ತುಂಬಿದ್ದರೆ ಆವಿಗೆ ಹೋಗಲು ಜಾಗ ಇರುವುದಿಲ್ಲ. ಮಳೆ ನಿಂತು ಮೋಡ ಮುಚ್ಚಿದ ದಿನ, ಗಾಳಿ ಆಡದ ಕಣಿವೆಯಲ್ಲಿ ಗುಡ್ಡ ಹತ್ತಿಸಿದರೆ 28 ಡಿಗ್ರಿಯಲ್ಲೂ ನಾಯಿ ಕುಸಿಯಬಹುದು. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟು, ಅವನ್ನು ಗುಡ್ಡ ಹತ್ತಿಸಲೇಬಾರದು.

ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಚಿಲ್ಲರೆ. 41 ದಾಟಿದರೆ ಒಳಗಿನ ಅಂಗಗಳು ಕೆಡಲು ಶುರು. ಥರ್ಮಾಮೀಟರ್ ಇಲ್ಲದಿದ್ದರೂ ಗೊತ್ತಾಗುತ್ತದೆ: ಏದುಸಿರು ನಿಲ್ಲುವುದೇ ಇಲ್ಲ, ಜೊಲ್ಲು ದಪ್ಪ ಅಂಟಾಗುತ್ತದೆ, ಒಸಡು ಇಟ್ಟಿಗೆ ಕೆಂಪು, ಕಾಲು ತಡವರಿಸುತ್ತದೆ. ಆಗ ಮೊದಲು ತಂಪು ಮಾಡಬೇಕು, ಆಮೇಲೆ ಕಾರು ಹತ್ತಿಸಬೇಕು. ನೆರಳಿಗೆ ತಂದು ಹೊಟ್ಟೆ, ಕಂಕುಳು, ಪಾದಕ್ಕೆ ನೀರು ಸುರಿಯುತ್ತಾ ಗಾಳಿ ಹಾಕಿ. ಒದ್ದೆ ಟವಲ್ ಹೊದಿಸಿ ಹಾಗೇ ಬಿಡಬೇಡಿ, ಬಿಸಿ ಒಳಗೇ ಉಳಿಯುತ್ತದೆ. ಗುಟುಕು ಗುಟುಕಾಗಿ ನೀರು ಕುಡಿಯಲು ಬಿಡಿ, ಬಲವಂತವಾಗಿ ಬಾಯಿಗೆ ಹೊಯ್ಯಬೇಡಿ.

ನೀರು ಮನೆಯಿಂದಲೇ ಒಯ್ಯಿರಿ. ಹೊಲದ ಕಾಲುವೆ, ಕುಂಟೆ ನೀರಿನಲ್ಲಿ ಇಲಿಯ ಮೂತ್ರ ಸೇರಿದ್ದರೆ ಲೆಪ್ಟೊಸ್ಪೈರೋಸಿಸ್ ಬರಬಹುದು. 2005ರ ಜುಲೈ ನೆರೆಯ ನಂತರ ಮುಂಬಯಿಯಲ್ಲಿ ಜನರನ್ನು ಕಾಡಿದ್ದು ಇದೇ ರೋಗ. ನಾಯಿಗೆ ಇದರ ಲಸಿಕೆ ಇದೆ, ಪ್ರತಿ ವರ್ಷ ಹಾಕಿಸಬೇಕು, ಮಳೆಗೆ ಮುಂಚೆ ಆದರೆ ಒಳ್ಳೆಯದು.

## ಹಾವು, ಚಿರತೆ, ವಿಷ

ಇಲ್ಲಿನ ಹೊಲಗಳಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕೂ ಇವೆ. ಊರಿನವರು ನಾಗ್, ಮಣ್ಯಾರ್, ಘೋಣಸ್, ಫುರಸಂ ಅನ್ನುತ್ತಾರೆ. ನಾಯಿ ಮೂಗು ತೂರಿಸುವುದರಿಂದ ಮುಖಕ್ಕೆ, ಮುಂಗಾಲಿಗೆ ಕಚ್ಚಿಸಿಕೊಳ್ಳುವುದು ಜಾಸ್ತಿ. ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ. ನಡೆಸದೆ ಎತ್ತಿಕೊಂಡು ನೇರ ಪಶುವೈದ್ಯರ ಹತ್ತಿರ ಹೋಗಿ. ಜನರಿಗೆ ಕೊಡುವ, ಈ ನಾಲ್ಕೂ ಹಾವಿನ ವಿಷಕ್ಕೆ ಕೆಲಸ ಮಾಡುವ ಔಷಧವನ್ನೇ ನಾಯಿಗೂ ಕೊಡುತ್ತಾರೆ. ಎಲ್ಲ ಕ್ಲಿನಿಕ್ಕಿನಲ್ಲೂ ಅದು ಇರುವುದಿಲ್ಲ, ದಾರಿಯಿಂದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಜುನ್ನರ್, ಶಿರೂರು, ಖೇಡ್, ಅಂಬೇಗಾಂವ್ ತಾಲೂಕುಗಳಲ್ಲಿ ಚಿರತೆಗಳು ಕಬ್ಬಿನ ಗದ್ದೆಯನ್ನೇ ಮನೆ ಮಾಡಿಕೊಂಡಿವೆ. ಮರಿ ಹಾಕುವುದೂ ಅಲ್ಲೇ. ಅವಕ್ಕೆ ನಾಯಿ ಸುಲಭದ ಊಟ. ಕಬ್ಬು ಎತ್ತರ ಇರುವ ಕಡೆ ನಸುಕಿನಲ್ಲಿ, ಸಂಜೆ ಮೇಲೆ ನಾಯಿ ಜೊತೆ ನಡೆಯಬೇಡಿ. ಊರಿನವರು ಬೇಡ ಅಂದರೆ ವಾದಿಸಬೇಡಿ, ಅವರಿಗೆ ಕಾರಣ ಗೊತ್ತಿರುತ್ತದೆ.

ಬೆನ್ನಿಗೆ ಪಂಪ್ ಕಟ್ಟಿ ಔಷಧಿ ಹೊಡೆಯುವವರು ಕಂಡರೆ ಆ ಹೊಲದ ಬದಿ ಬಿಡಿ. ನಾಯಿ ಆಮೇಲೆ ಪಾದ ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ.

## ಕಕ್ಕಸು ಎತ್ತಲೇಬೇಕಾ?

“ಊರ ನಾಯಿಗಳು ಎಲ್ಲೆಂದರಲ್ಲಿ ಮಾಡುತ್ತವೆ, ನಮ್ಮದೊಂದರಿಂದ ಏನು?” ಅಂತ ಕೇಳುವವರಿದ್ದಾರೆ. ನಾಯಿಯ ಹೊಟ್ಟೆಯಲ್ಲಿರುವ ಒಂದು ಬಗೆಯ ಲಾಡಿಹುಳುವಿನ ಮೊಟ್ಟೆ ಕಕ್ಕಸಿನ ಜೊತೆ ಹುಲ್ಲಿಗೆ ಸೇರುತ್ತದೆ. ಕುರಿ ಅದನ್ನು ಮೇಯುತ್ತದೆ. ಮರಿಹುಳು ಕುರಿಯ ಮಿದುಳಿಗೆ ಹೋಗಿ ನೀರುಗುಳ್ಳೆ ಕಟ್ಟುತ್ತದೆ. ಕುರಿ ಒಂದೇ ಕಡೆ ತಿರುಗುತ್ತಾ, ಕಣ್ಣು ಕಾಣದೆ, ಮೇವು ಬಿಟ್ಟು ಸಾಯುತ್ತದೆ. ಇನ್ನೊಂದು ಬಗೆಯ ಲಾಡಿಹುಳು ಮನುಷ್ಯರ ಯಕೃತ್ತಿನಲ್ಲೂ ಗುಳ್ಳೆ ಮಾಡುತ್ತದೆ. ಹಾಗಾಗಿ ಕವರಿನಲ್ಲಿ ಎತ್ತಿ ವಾಪಸ್ ತನ್ನಿ. ಮೂರು ತಿಂಗಳಿಗೊಮ್ಮೆ ಜಂತಿನ ಮಾತ್ರೆ ಕೊಡಿ. ದಾರಿಬದಿ ಬಿಸಾಡಿದ ಕುರಿಯ ತಲೆ, ಕರುಳು ತಿನ್ನಲು ಬಿಡಬೇಡಿ. ನಾಯಿಗೆ ಈ ಹುಳು ಬರುವುದು ಅದರಿಂದಲೇ.

## ಮನೆಗೆ ಬಂದ ಮೇಲೆ

ಅಕ್ಟೋಬರ್ ಆದ ಮೇಲೆ ಪುಣೆಯ ಗುಡ್ಡಗಳ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ನೋಡಲು ಚೆಂದ. ಪ್ಯಾಂಟಿಗೆಲ್ಲ ಚುಚ್ಚಿಕೊಳ್ಳುವ ಸೂಜಿ ಬೀಜವೂ ಆಗಲೇ, ಮರಾಠಿಯಲ್ಲಿ ಕುಸಳ. ಒಂದನ್ನು ಕಿತ್ತು ನೋಡಿ. ತುದಿ ಚೂಪು, ಅದರ ಸುತ್ತ ಹಿಮ್ಮುಖವಾಗಿ ಬಾಗಿದ ಸಣ್ಣ ಕೂದಲು, ಹಿಂದೆ ಹುರಿ ಹೊಸೆದ ಉದ್ದ ಬಾಲ. ತೇವ ತಾಗಿದರೆ ಹುರಿ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗಿ ತಿರುಗಿ ಬೀಜ ಮಣ್ಣಿಗೆ ಇಳಿಯಲಿ ಅಂತ ಇದರ ರಚನೆ. ನಾಯಿಯ ತುಪ್ಪಟದಲ್ಲೂ ಅದು ಅದೇ ಕೆಲಸ ಮಾಡುತ್ತದೆ. ಹಿಮ್ಮುಖ ಕೂದಲಿನಿಂದಾಗಿ ಮುಂದಕ್ಕಷ್ಟೇ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಬೆರಳ ಸಂದಿಯಲ್ಲಿ, ಕಿವಿಯಲ್ಲಿ ಸೇರಿದರೆ ಕೀವು ಕಟ್ಟುತ್ತದೆ. ಆಪರೇಷನ್ನೇ ಬೇಕಾಗಬಹುದು. ಕಾರು ಹತ್ತಿಸುವ ಮುಂಚೆಯೇ ಬಾಚಣಿಗೆ ಹಾಕಿ. ನಾಯಿ ಒಂದೇ ಸಮ ತಲೆ ಕೊಡವುತ್ತಿದ್ದರೆ ಕಿವಿಗೆ ಬಡ್ಸ್ ಹಾಕಬೇಡಿ, ಡಾಕ್ಟರಿಗೆ ತೋರಿಸಿ.

ಆಮೇಲೆ ಉಣ್ಣಿ. ಕಿವಿಯ ಒಳಮಡಿಕೆ, ಕತ್ತಿನ ಬೆಲ್ಟಿನ ಕೆಳಗೆ, ಕಂಕುಳು, ಬೆರಳ ಸಂದಿ, ಬಾಲದ ಬುಡ ಇಷ್ಟನ್ನು ಬೆರಳಾಡಿಸಿ ನೋಡಿ. ಕಂದು ಉಣ್ಣಿ ರಕ್ತ ಹೀರುವಾಗ ಬೇಬಿಸಿಯಾ, ಎರ್ಲಿಕಿಯಾ ಅನ್ನುವ ರೋಗಾಣುಗಳನ್ನು ಬಿಡುತ್ತದೆ. ಕಚ್ಚಿದ ಕ್ಷಣವೇ ರೋಗ ದಾಟುವುದಿಲ್ಲ, ಕೆಲವಕ್ಕೆ ಕೆಲವು ಗಂಟೆ, ಕೆಲವಕ್ಕೆ ಒಂದೆರಡು ದಿನವೂ ಬೇಕು. ಅದಕ್ಕೇ ಅದೇ ದಿನ ನೋಡಬೇಕು. ಚಿಮಟದಿಂದ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ, ಬರಿ ಬೆರಳಿನಲ್ಲಿ ಹಿಸುಕುವುದೂ ಬೇಡ. ಉಣ್ಣಿ ತಡೆಯುವ ಮಾತ್ರೆ, ಬೆನ್ನಿಗೆ ಹಾಕುವ ಹನಿ ಔಷಧ ಎರಡೂ ಸಿಗುತ್ತವೆ. ನಾಯಿಯ ತೂಕ ನೋಡಿ ಡಾಕ್ಟರು ಬರೆದುಕೊಡುತ್ತಾರೆ.

ಉಣ್ಣಿ ಜ್ವರ ತಕ್ಷಣ ಕಾಣಿಸುವುದಿಲ್ಲ, ಒಂದರಿಂದ ಮೂರು ನಾಲ್ಕು ವಾರ ಹಿಡಿಯುತ್ತದೆ. ಅಷ್ಟರಲ್ಲಿ ನಾವು ಆ ಭಾನುವಾರವನ್ನು ಮರೆತಿರುತ್ತೇವೆ. ಹೋದ ದಿನ, ಹೋದ ಜಾಗ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಊಟ ಬಿಟ್ಟರೆ, ಒಸಡು ಬಿಳಿಚಿದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಮೂಗಿನಿಂದ ರಕ್ತ ಬಂದರೆ ಅದೇ ದಿನ ಕ್ಲಿನಿಕ್ಕಿಗೆ ಹೋಗಿ ಆ ತಾರೀಖು ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಹೆಚ್ಚಿನ ನಾಯಿಗಳು ಔಷಧಿಯಿಂದ ಚೇತರಿಸಿಕೊಳ್ಳುತ್ತವೆ.